ಟ್ಯೂನಿಂಗ್ ಮಾಡಿಸುವ ಮೊದಲು: ಡೀಸೆಲ್ ಗಾಡಿಯ ದಮ್ಮು ಎಲ್ಲಿ ಸೋರುತ್ತಿದೆ?

ಪರಿಚಯದವರೊಬ್ಬರ ಟ್ರ್ಯಾಕ್ಟರ್ ಉಳುಮೆಗೆ ಇಳಿದರೆ ಉಸಿರುಗಟ್ಟಿದ ಹಾಗೆ ಆಡುತ್ತಿತ್ತು. ಖಾಲಿ ಓಡಿಸಿದರೆ ಏನೂ ತೊಂದರೆ ಇಲ್ಲ. ನೇಗಿಲು ಮಣ್ಣಿಗೆ ಕಚ್ಚಿದ ಕೂಡಲೇ ಆರ್‌ಪಿಎಂ ಕುಸಿಯುತ್ತಿತ್ತು, ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬರುತ್ತಿತ್ತು. ಮೊದಲು ಮೂರನೇ ಗೇರಿನಲ್ಲಿ ಆರಾಮಾಗಿ ಆಗುತ್ತಿದ್ದ ಕೆಲಸಕ್ಕೆ ಈಗ ಎರಡನೇ ಗೇರು ಬೇಕಾಗಿತ್ತು. "ಇಂಜಿನ್ ಹಳೇದಾಯ್ತು, ಕಂಪ್ಯೂಟರ್ ಟ್ಯೂನ್ ಮಾಡಿಸಿದ್ರೆ ಮತ್ತೆ ಎಳೆಯುತ್ತೆ ಅಂತಾರೆ. ಮಾಡಿಸಿಬಿಡ್ಲಾ?" ಎಂದು ಕೇಳಿದರು.

ಲ್ಯಾಪ್‌ಟಾಪ್ ತೆರೆಯುವ ಮೊದಲು ನಾವು ಬಾನೆಟ್ ತೆರೆದೆವು. ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸಿನ ಅಡಿಗೆ ಕೈ ಹಾಕಿದರೆ ಬೆರಳಿಗೆ ಎಣ್ಣೆ ಬೆರೆತ ಕಪ್ಪು ಧೂಳು ಅಂಟಿತು. ಮೇಲಿಂದ ನೋಡಿದರೆ ಹೋಸ್ ಚೆನ್ನಾಗಿಯೇ ಇತ್ತು. ಕ್ಲಿಪ್ ಸಡಿಲಿಸಿ, ಹೊರಗೆ ತೆಗೆದು, ಬಿಸಿಲಿಗೆ ಹಿಡಿದು ಬಗ್ಗಿಸಿದಾಗ ಅಡಿಭಾಗದಲ್ಲಿ ಹೆಬ್ಬೆರಳಷ್ಟು ಉದ್ದದ ಬಿರುಕು ಬಾಯಿ ತೆರೆಯಿತು. ಬಿಟ್ಟರೆ ಮುಚ್ಚಿಕೊಂಡಿತು. ನಿಂತಲ್ಲಿ ಇಂಜಿನ್ ಓಡುವಾಗ ಹೋಸಿನೊಳಗೆ ಒತ್ತಡವೇ ಇರುವುದಿಲ್ಲ, ಹಾಗಾಗಿ ಬಿರುಕೂ ಮುಚ್ಚಿರುತ್ತದೆ. ಲೋಡ್ ಬಿದ್ದು ಟರ್ಬೊ ಗಾಳಿ ತುಂಬಿದಾಗ ಮಾತ್ರ ಅದು ತೆರೆದುಕೊಳ್ಳುತ್ತದೆ. ಸಿಲಿಂಡರ್‌ಗೆ ಹೋಗಬೇಕಾದ ಗಾಳಿ ಹೊಲಕ್ಕೆ ಹೋಗುತ್ತಿತ್ತು.

ಆ ಹೊತ್ತಿನಲ್ಲಿ ಟ್ಯೂನಿಂಗ್ ಮಾಡಿಸಿದ್ದರೆ ಏನಾಗುತ್ತಿತ್ತು ಯೋಚಿಸಿ. ಗಾಳಿ ಸಾಲದು ಎಂದು ಇಂಜಿನ್‌ನ ಕಂಪ್ಯೂಟರ್ ತಾನಾಗಿಯೇ ಡೀಸೆಲ್ ಕಡಿಮೆ ಮಾಡಿ ಇಂಜಿನ್ ಕಾಪಾಡುತ್ತಿತ್ತು. ಟ್ಯೂನಿಂಗ್ ಅದಕ್ಕೆ "ಇಲ್ಲ, ಜಾಸ್ತಿ ಡೀಸೆಲ್ ಹಾಕು" ಎಂದು ಹೇಳುತ್ತಿತ್ತು. ಹೊಗೆ ದಟ್ಟವಾಗುತ್ತಿತ್ತು, ಎಕ್ಸಾಸ್ಟ್ ಕಾಯುತ್ತಿತ್ತು, ಸ್ವಲ್ಪ ಎಳೆತ ಬಂದ ಹಾಗೂ ಅನಿಸುತ್ತಿತ್ತು. ಬಿರುಕು ಮಾತ್ರ ಅಲ್ಲೇ ಇರುತ್ತಿತ್ತು.

ಇದು ಒಂದು ಟ್ರ್ಯಾಕ್ಟರ್‌ನ ಕಥೆಯಷ್ಟೇ ಅಲ್ಲ. ಒಂದು ಕಾಲದಲ್ಲಿ ಡೀಸೆಲ್ ಇಂಜಿನ್‌ನ ಶಕ್ತಿ ಏರಿಸಲು ಪಂಪಿನ ಸೀಲ್ ಒಡೆದು ಸ್ಕ್ರೂ ತಿರುಗಿಸಬೇಕಿತ್ತು. ಅದಕ್ಕೆ ಕೈ ಪಳಗಿರಬೇಕಿತ್ತು. ಈಗ ಒಂದು ಕೇಬಲ್, ಒಂದು ಫೈಲ್ ಇದ್ದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಹೊಗೆ ಶುದ್ಧ ಮಾಡುವ ಸಾಮಾನುಗಳು ತೊಂದರೆ ಕೊಟ್ಟರೆ ಅವನ್ನೂ ಕಿತ್ತುಹಾಕಿ, ಕಂಪ್ಯೂಟರ್‌ಗೆ ಸುಳ್ಳು ಹೇಳಿ ಗಾಡಿ ಓಡಿಸುವುದು ದೊಡ್ಡ ದಂಧೆಯೇ ಆಗಿದೆ. ಇಂಜಿನ್ ಏಕೆ ಸೊರಗಿತು ಎಂದು ಹುಡುಕುವ ಕೆಲಸ ಹಿಂದೆ ಬಿದ್ದಿದೆ. ಗಾಡಿಯಿಂದ ಕಳೆದುಹೋದ ಶಕ್ತಿಯನ್ನು ವಾಪಸ್ ತರುವುದು ಬೇರೆ, ಹೊಸ ಶಕ್ತಿ ಸೇರಿಸುವುದು ಬೇರೆ. ಮೊದಲನೆಯದು ಆಗದೆ ಎರಡನೆಯದಕ್ಕೆ ಕೈ ಹಾಕುವುದರಿಂದಲೇ ಇವತ್ತು ಎಷ್ಟೋ ಒಳ್ಳೆಯ ಇಂಜಿನ್‌ಗಳು ಹಾಳಾಗುತ್ತಿವೆ ಎಂಬುದು ನನ್ನ ಗಟ್ಟಿ ನಂಬಿಕೆ.

ಗಾಳಿ ಇದ್ದಷ್ಟೇ ಶಕ್ತಿ

ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಇಂದಿನ ಟ್ರಕ್ ಇಂಜಿನ್‌ನ ಪಿಸ್ಟನ್ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಅಮುಕುತ್ತದೆ. ಆ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಅದರೊಳಗೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಇಂಜಿನ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಳಿಯ ದಾರಿ ತೆರೆಯುತ್ತದೆ. ಡೀಸೆಲ್‌ನಲ್ಲಿ ಗಾಳಿಯ ದಾರಿ ಸಾಮಾನ್ಯವಾಗಿ ತೆರೆದೇ ಇರುತ್ತದೆ, ಆಕ್ಸಿಲರೇಟರ್ ಹೇಳುವುದು ಎಷ್ಟು ಡೀಸೆಲ್ ಹಾಕಬೇಕು ಎಂದು ಮಾತ್ರ.

ಹಾಗಾದರೆ ಡೀಸೆಲ್ ಜಾಸ್ತಿ ಹಾಕುತ್ತಾ ಹೋದರೆ ಶಕ್ತಿ ಏರುತ್ತಲೇ ಹೋಗಬೇಕು ಅಲ್ವಾ? ಹೋಗುವುದಿಲ್ಲ. ಒಂದು ಕೆಜಿ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಸುಮಾರು 14.5 ಕೆಜಿ ಗಾಳಿ ಬೇಕು. ಆದರೆ ಸಿಲಿಂಡರ್‌ನೊಳಗೆ ಡೀಸೆಲ್ ಹನಿಗಳಿಗೆ ಗಾಳಿಯ ಜೊತೆ ಸರಿಯಾಗಿ ಬೆರೆಯಲು ಸಿಗುವ ಸಮಯ ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗ. ಆದ್ದರಿಂದ ಗಾಳಿ ಇದಕ್ಕಿಂತ ಸಾಕಷ್ಟು ಜಾಸ್ತಿ ಇರಬೇಕು. ಅದು 18, 20 ಕೆಜಿಯ ಆಸುಪಾಸಿಗೆ ಇಳಿಯುತ್ತಿದ್ದಂತೆಯೇ ಮಸಿ ಕಾಣಿಸಿಕೊಳ್ಳಲು ಶುರುವಾಗುತ್ತದೆ. ಕಪ್ಪು ಹೊಗೆ ಎಂದರೆ ಕೆಲಸ ಮಾಡದೆ ಹೊರಬಿದ್ದ ಡೀಸೆಲ್. ಅದನ್ನು ಶಕ್ತಿಯ ಗುರುತು ಅಂದುಕೊಳ್ಳುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದುಡ್ಡು ಕೊಟ್ಟು ತುಂಬಿಸಿದ ಎಣ್ಣೆ ಹಾಗೇ ಗಾಳಿಗೆ ಹೋಗುತ್ತಿರುತ್ತದೆ.

ಹಾಗಾಗಿ ಎಳೆತ ಕಡಿಮೆಯಾಯಿತು ಎಂದರೆ ಹುಡುಕಾಟ ಗಾಳಿಯಿಂದ ಶುರುವಾಗಬೇಕು. ಏರ್ ಫಿಲ್ಟರ್ ಮೊದಲು. ಬಹಳಷ್ಟು ಟ್ರ್ಯಾಕ್ಟರ್ ಮತ್ತು ಟ್ರಕ್‌ಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಕೆಂಪು ಗುರುತು ತೋರಿಸುವ ಸಣ್ಣ ಸೂಚಕ ಇರುತ್ತದೆ. ಒಣ ಫಿಲ್ಟರನ್ನು ಚಕ್ರಕ್ಕೆ ಬಡಿದು ಧೂಳು ಉದುರಿಸುವ ಅಭ್ಯಾಸ ಬಿಡಬೇಕು. ಹಾಗೆ ಬಡಿದರೆ ಅಂಚಿನ ಸೀಲ್ ಸೊಟ್ಟಗಾಗಿ ಧೂಳು ನೇರವಾಗಿ ಒಳಗೆ ಹೋಗುತ್ತದೆ. ಧೂಳು ಹೊಕ್ಕ ಇಂಜಿನ್‌ನ ರಿಂಗ್, ಲೈನರ್ ಸವೆಯಲು ಜಾಸ್ತಿ ದಿನ ಬೇಕಿಲ್ಲ. ಒಳಗಿರುವ ಎರಡನೇ ಸಣ್ಣ ಫಿಲ್ಟರನ್ನಂತೂ ತೊಳೆಯುವುದೂ ಬೇಡ, ಊದುವುದೂ ಬೇಡ. ಅದನ್ನು ಬದಲಿಸುವುದು ಮಾತ್ರ.

ಆಮೇಲೆ ಇಂಟರ್‌ಕೂಲರ್. ಟರ್ಬೊ ಗಾಳಿಯನ್ನು ಒತ್ತಿದಾಗ ಗಾಳಿ ಕಾಯುತ್ತದೆ. ಕಾದ ಗಾಳಿ ತೆಳು, ಅದರಲ್ಲಿ ಆಮ್ಲಜನಕವೂ ಕಡಿಮೆ. ಅದನ್ನು ತಣಿಸುವುದೇ ಇಂಟರ್‌ಕೂಲರ್ ಕೆಲಸ. ಕೊಯ್ಲಿನ ಕಾಲದಲ್ಲಿ ಹೊಟ್ಟು, ಹುಲ್ಲಿನ ಚೂರು ರೇಡಿಯೇಟರ್ ಮತ್ತು ಇಂಟರ್‌ಕೂಲರ್ ನಡುವಿನ ಸಂದಿಯಲ್ಲಿ ಕಂಬಳಿಯ ಹಾಗೆ ಕೂತಿರುತ್ತದೆ. ಮುಂದಿನಿಂದ ನೋಡಿದರೆ ಜಾಲರಿ ಸ್ವಚ್ಛವಾಗಿಯೇ ಕಾಣುತ್ತದೆ. ಎರಡರ ನಡುವೆ ಟಾರ್ಚ್ ಬಿಟ್ಟು ನೋಡಿದರೆ ಮಾತ್ರ ಗೊತ್ತಾಗುವುದು.

ಹೋಸ್ ಮತ್ತು ಜಾಯಿಂಟ್‌ಗಳ ಸೋರಿಕೆ ಹಿಡಿಯಲು ಸೋಪಿನ ನೀರಿಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಇಂಜಿನ್ ಆಫ್ ಮಾಡಿ, ಗಾಳಿಯ ದಾರಿಯ ಬಾಯಿ ಮುಚ್ಚಿ, ಕಡಿಮೆ ಒತ್ತಡದ ಗಾಳಿ ತುಂಬಿಸಿ ಸೋಪಿನ ನೀರು ಹಚ್ಚಿದರೆ ಸೋರುವ ಕಡೆ ನೊರೆ ಏಳುತ್ತದೆ. ಟರ್ಬೊ ತಿರುಗುವುದು ಇಂಜಿನ್ ಹೊರಬಿಡುವ ಹೊಗೆಯ ರಭಸದಿಂದ, ಹಾಗಾಗಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೂ ಟರ್ಬೊಗೆ ತಳ್ಳುವ ಬಲ ಕಡಿಮೆಯಾಗುತ್ತದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಜಾಯಿಂಟಿನ ಸುತ್ತ ಮಸಿಯ ಗೆರೆ ಇದ್ದರೆ ಅದೇ ಗುರುತು.

ಇನ್ನು ಟರ್ಬೊ. ಅದರ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟಿ ತಿರುಗಬಲ್ಲದು, ಅದನ್ನು ಹಿಡಿದಿಟ್ಟಿರುವುದು ತೆಳುವಾದ ಆಯಿಲ್ ಪದರ. ಲೋಡ್ ಎಳೆದು ಬಂದ ಕೂಡಲೇ ಕೀ ತಿರುಗಿಸಿ ನಿಲ್ಲಿಸಿದರೆ ಆಯಿಲ್ ಹರಿವು ನಿಲ್ಲುತ್ತದೆ, ಕಾದ ಲೋಹದಲ್ಲಿ ಉಳಿದ ಆಯಿಲ್ ಸುಟ್ಟು ಗಟ್ಟಿಯಾಗುತ್ತದೆ. ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ನಿಲ್ಲಿಸಿದರೆ ಇದು ತಪ್ಪುತ್ತದೆ. ಸೀಲ್ ಪೂರ್ತಿ ಹೋದ ಟರ್ಬೊ ಇನ್ನೊಂದು ಅಪಾಯ ತರುತ್ತದೆ. ಇಂಜಿನ್ ತನ್ನದೇ ಆಯಿಲ್ ಕುಡಿದು ರೇಸ್ ಆಗತೊಡಗುತ್ತದೆ. ಆಗ ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಗಾಳಿಯ ದಾರಿಯನ್ನು ಗಟ್ಟಿ ಹಲಗೆಯಿಂದ ಮುಚ್ಚಬೇಕು, ಇಲ್ಲವೇ ಇಂಗಾಲದ ಡೈಆಕ್ಸೈಡ್ ಇರುವ ಅಗ್ನಿಶಾಮಕವನ್ನು ಆ ದಾರಿಯೊಳಕ್ಕೆ ಸಿಂಪಡಿಸಬೇಕು. ಕೈಯಿಂದಾಗಲೀ ಬಟ್ಟೆಯಿಂದಾಗಲೀ ಮುಚ್ಚಲು ಹೋಗಲೇಬಾರದು, ಒಳಗೆ ಎಳೆದುಕೊಂಡುಬಿಡುತ್ತದೆ.

ಹೊಗೆಯ ಬಣ್ಣದಲ್ಲಿ ಅರ್ಧ ಉತ್ತರ ಇದೆ. ಕಪ್ಪಾದರೆ ಗಾಳಿ ಸಾಲದು ಅಥವಾ ಡೀಸೆಲ್ ಜಾಸ್ತಿ. ನೀಲಿಯಾದರೆ ಆಯಿಲ್ ಸುಡುತ್ತಿದೆ. ಬಿಳಿಯಾದರೆ ಮೂಗನ್ನು ಕೇಳಬೇಕು. ಕಣ್ಣು ಉರಿದು ಡೀಸೆಲ್ ವಾಸನೆ ಬಂದರೆ ಉರಿಯದ ಡೀಸೆಲ್, ಅಂದರೆ ಗಾಳಿ ಅಮುಕುವ ಕಂಪ್ರೆಷನ್ ಇಲ್ಲ, ಡೀಸೆಲ್ ಚಿಮ್ಮುವ ಟೈಮಿಂಗ್ ತಪ್ಪಿದೆ ಅಥವಾ ಅದನ್ನು ಚಿಮ್ಮಿಸುವ ನಾಜಲ್ ತೊಟ್ಟಿಕ್ಕುತ್ತಿದೆ. ಸಿಹಿ ವಾಸನೆ ಬಂದರೆ ಕೂಲಂಟ್, ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಚಳಿಯ ಬೆಳಿಗ್ಗೆ ಸ್ವಲ್ಪ ಹೊತ್ತು ಬರುವ ಆವಿಗೆ ಹೆದರಬೇಕಿಲ್ಲ.

ಡೀಸೆಲ್ ಬರುವ ದಾರಿ

ಗಾಳಿ ಸರಿಯಿದೆ, ಹೊಗೆಯೂ ಇಲ್ಲ, ಆದರೂ ಎಳೆಯುತ್ತಿಲ್ಲ. ಆಗ ಡೀಸೆಲ್ ಸಾಲುತ್ತಿಲ್ಲ ಎಂದು ಅನುಮಾನ ಪಡಬೇಕು. ಇಲ್ಲಿ ಅಳತೆಗಳು ಎಷ್ಟು ನಾಜೂಕು ಎಂದರೆ ಸಣ್ಣ ಕೊಳೆಯೂ ದೊಡ್ಡ ಶತ್ರು. ಒಂದೇ ಕೊಳವೆಯಲ್ಲಿ (ರೈಲ್) ಒತ್ತಡದ ಡೀಸೆಲ್ ತುಂಬಿಟ್ಟು ಎಲ್ಲ ಇಂಜೆಕ್ಟರ್‌ಗಳಿಗೂ ಕೊಡುವ ಕಾಮನ್ ರೈಲ್ ಇಂಜಿನ್‌ನಲ್ಲಿ ಡೀಸೆಲ್ ಒತ್ತಡ 1600 ಬಾರ್, ಕೆಲವದರಲ್ಲಿ 2500 ಬಾರ್‌ವರೆಗೂ ಏರುತ್ತದೆ. ಇಂಜೆಕ್ಟರ್ ತುದಿಯ ನಾಜಲ್‌ನ ತೂತಿನ ಅಗಲ ಮಿಲಿಮೀಟರ್‌ನ ಹತ್ತನೇ ಒಂದು ಭಾಗದಿಂದ ಐದನೇ ಒಂದು ಭಾಗದಷ್ಟು. ಕೊನೆಯ ಫ್ಯೂಯಲ್ ಫಿಲ್ಟರ್ 2ರಿಂದ 5 ಮೈಕ್ರಾನ್ ಗಾತ್ರದ ಕಣವನ್ನೂ ತಡೆಯಬೇಕು. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಗ್ಗದ ಫಿಲ್ಟರ್ ಹಾಕಿ ಉಳಿಸಿದ ದುಡ್ಡು ಯಾವ ಇಂಜೆಕ್ಟರ್‌ಗೂ ಸಾಲುವುದಿಲ್ಲ.

ಹೊಸ ಫಿಲ್ಟರ್ ಹಾಕುವಾಗ ಕ್ಯಾನಿನಿಂದ ಡೀಸೆಲ್ ಸುರಿದು ತುಂಬುವುದು ಹಳೇ ರೂಢಿ. ಹಳೇ ಪಂಪುಗಳಿಗೆ ಅದು ನಡೆಯುತ್ತಿತ್ತು. ಕಾಮನ್ ರೈಲ್‌ನಲ್ಲಿ ಫಿಲ್ಟರ್‌ನ ಶುದ್ಧ ಬದಿಗೆ ಸೋಸದ ಡೀಸೆಲ್ ಬಿದ್ದರೆ ಅದು ನೇರ ಪಂಪಿಗೆ ಹೋಗುತ್ತದೆ. ಖಾಲಿ ಫಿಲ್ಟರ್ ಕೂರಿಸಿ, ಕೈಪಂಪ್ ಒತ್ತಿ ಏರ್ ತೆಗೆಯುವುದು ನಿಧಾನವಾದರೂ ಸರಿಯಾದ ದಾರಿ.

ಏರ್ ಎಳೆಯುವುದು ಇನ್ನೊಂದು ಮೊಂಡು ತೊಂದರೆ. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನಲ್ಲಿ ಡೀಸೆಲ್ ಎಳೆತದಲ್ಲಿರುತ್ತದೆ. ಜಾಯಿಂಟ್ ಸಡಿಲವಾದರೆ ಅಲ್ಲಿ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗೆ ಏನೂ ಕಾಣದೆ ಜನ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಪಂಪಿನ ಮೊದಲು ಒಂದು ಗೇಣು ಪಾರದರ್ಶಕ ಪೈಪ್ ತಾತ್ಕಾಲಿಕವಾಗಿ ಹಾಕಿ ನೋಡಿ. ಗುಳ್ಳೆ ಸಾಲಾಗಿ ಹೋಗುತ್ತಿದ್ದರೆ ಸಮಸ್ಯೆ ಸಿಕ್ಕಿತು. ಲೋಡ್‌ನಲ್ಲಿ ಸೊರಗಿ, ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಯಾಗುವ ಗಾಡಿಯಾದರೆ ಟ್ಯಾಂಕಿನೊಳಗಿನ ಜಾಲರಿಯನ್ನೂ, ಟ್ಯಾಂಕ್ ಮುಚ್ಚಳದ ಗಾಳಿ ತೂತನ್ನೂ ನೋಡಲೇಬೇಕು. ಮುಚ್ಚಳ ಸಡಿಲಿಸಿದ ಕೂಡಲೇ "ಸುಸ್" ಎಂದು ಗಾಳಿ ಒಳಗೆ ನುಗ್ಗಿದರೆ ಆ ತೂತು ಕಟ್ಟಿಕೊಂಡಿದೆ ಎಂದೇ ಅರ್ಥ. ನೀರಿನದ್ದೂ ಗಮನ ಇರಲಿ. ಟ್ಯಾಂಕ್ ಅರ್ಧ ಖಾಲಿ ಇಟ್ಟು ರಾತ್ರಿ ನಿಲ್ಲಿಸಿದರೆ ಒಳಗಿನ ಗಾಳಿಯ ತೇವ ತಣಿದು ನೀರಾಗುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂಥ ಪದಾರ್ಥ ಫಿಲ್ಟರ್ ಕಟ್ಟುತ್ತದೆ. ಸಂಜೆಯೇ ಟ್ಯಾಂಕ್ ತುಂಬಿಸಿಡುವ ಹಳಬರ ಅಭ್ಯಾಸಕ್ಕೆ ಒಳ್ಳೆಯ ಕಾರಣವಿದೆ.

ಇಂಜೆಕ್ಟರ್ ಪರೀಕ್ಷೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಬಾಟಲಿ ಪರೀಕ್ಷೆ. ಕಾಮನ್ ರೈಲ್ ಇಂಜೆಕ್ಟರ್ ತಾನು ಬಳಸದ ಸ್ವಲ್ಪ ಡೀಸೆಲನ್ನು ರಿಟರ್ನ್ ಪೈಪಿನಲ್ಲಿ ವಾಪಸ್ ಕಳಿಸುತ್ತದೆ. ಆ ಪೈಪ್‌ಗಳನ್ನು ಬಿಚ್ಚಿ, ಪ್ರತಿ ಇಂಜೆಕ್ಟರ್‌ಗೆ ಒಂದೊಂದು ಪಾರದರ್ಶಕ ಪೈಪ್ ಸಿಕ್ಕಿಸಿ, ಅಳತೆ ಗೆರೆ ಇರುವ ಬಾಟಲಿಗಳಿಗೆ ಇಳಿಬಿಡಬೇಕು. ಟ್ಯಾಂಕಿಗೆ ಹೋಗುವ ಪೈಪಿನ ಬಾಯಿ ಮುಚ್ಚಬೇಕು. ಕೆಲವು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿ. ಮೂರು ಬಾಟಲಿಗಳಲ್ಲಿ ಎರಡು ಬೆರಳಷ್ಟು ಡೀಸೆಲ್, ನಾಲ್ಕನೆಯದು ಅರ್ಧ ತುಂಬಿದೆ ಎಂದರೆ ಆ ಇಂಜೆಕ್ಟರ್ ಒಳಗೆ ಸವೆದು ಒತ್ತಡವನ್ನೆಲ್ಲ ಸೋರಿಸುತ್ತಿದೆ. ಬೆಳಿಗ್ಗೆ ಸೆಲ್ಫ್ ಎಷ್ಟು ಹೊಡೆದರೂ ಸ್ಟಾರ್ಟ್ ಆಗದ ಗಾಡಿಗಳಲ್ಲಿ ಎಷ್ಟೋ ಸಲ ಇದೇ ಕಾರಣ. ರೈಲ್‌ನಲ್ಲಿ ಇರಬೇಕಾದ ಕನಿಷ್ಠ ಒತ್ತಡ ಏರದಿದ್ದರೆ ಕಂಪ್ಯೂಟರ್ ಡೀಸೆಲ್ ಬಿಡುವುದೇ ಇಲ್ಲ. ರಿಟರ್ನ್ ದಾರಿ ಹೆಡ್‌ನ ಒಳಗೇ ಇರುವ ಇಂಜಿನ್‌ಗಳಲ್ಲಿ ಈ ಪರೀಕ್ಷೆಯನ್ನು ಹೀಗೆ ಮಾಡಲು ಬರುವುದಿಲ್ಲ. ಅಲ್ಲಿ ಸ್ಕ್ಯಾನರ್‌ನಿಂದ ಒಂದೊಂದು ಸಿಲಿಂಡರನ್ನು ಬಂದ್ ಮಾಡಿ ನೋಡಬೇಕು.

ಒಂದು ಎಚ್ಚರಿಕೆ. ಹಳೇ ಮೆಕ್ಯಾನಿಕಲ್ ಪಂಪಿನ ಇಂಜಿನ್‌ನಲ್ಲಿ ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದು ತಿಳಿಯಲು ಇಂಜಿನ್ ಓಡುತ್ತಿರುವಾಗಲೇ ಒಂದೊಂದು ಪೈಪಿನ ನಟ್ ಸಡಿಲಿಸುತ್ತಿದ್ದರು. ಕಾಮನ್ ರೈಲ್‌ನಲ್ಲಿ ಇದನ್ನು ಮಾಡಲೇಬೇಡಿ. ಅಷ್ಟು ಒತ್ತಡದ ಡೀಸೆಲ್ ಸೂಜಿಯ ಹಾಗೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ನೋವೂ ಮೊದಲು ಜಾಸ್ತಿ ಇರುವುದಿಲ್ಲ. ಆದರೆ ತಡ ಮಾಡಿದರೆ ಬೆರಳು, ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಬೇಕು. ಸೋರಿಕೆ ಹುಡುಕಲು ಕೈ ಬೇಡ, ರಟ್ಟಿನ ತುಂಡು ಹಿಡಿಯಿರಿ.

ಗಾಳಿ, ಡೀಸೆಲ್ ಎರಡೂ ಸರಿ ಇದ್ದರೆ ಉಳಿಯುವುದು ಇಂಜಿನ್‌ನ ಒಳಗಿನ ಸವೆತ. ವಾಲ್ವ್‌ಗಳ ಟ್ಯಾಪೆಟ್ ಸಂದು ಪುಸ್ತಕದಲ್ಲಿರುವಷ್ಟೇ ಇದೆಯೇ, ಇಂಜಿನ್ ಹೊಟ್ಟೆಯ ಗಾಳಿ ಹೊರಬಿಡುವ ಬ್ರೀದರ್‌ನಿಂದ ಗಾಳಿ ಬುಸುಗುಡುತ್ತಿದೆಯೇ, ಕಂಪ್ರೆಷನ್ ಎಲ್ಲ ಸಿಲಿಂಡರ್‌ಗಳಲ್ಲಿ ಒಂದೇ ಸಮ ಇದೆಯೇ ಎಂದು ನೋಡಬೇಕು. ಬೋರ್‌ಗೆ ಬಂದ, ಅಂದರೆ ಸಿಲಿಂಡರ್ ಸವೆದ ಇಂಜಿನ್‌ಗೆ ಟ್ಯೂನಿಂಗ್ ಮಾಡಿಸುವುದು ಸುಮ್ನೆ ದಂಡ.

ಟ್ರ್ಯಾಕ್ಟರ್ ವಿಷಯದಲ್ಲಿ ಇನ್ನೊಂದು ಮಾತಿದೆ. ಇಂಜಿನ್ ಸರಿಯಾಗಿಯೇ ಶಕ್ತಿ ಕೊಡುತ್ತಿರುತ್ತದೆ, ಅದು ಟೈರಿನಲ್ಲಿ ಕಳೆದುಹೋಗುತ್ತಿರುತ್ತದೆ. ಉಳುವಾಗ ಚಕ್ರ ಸ್ವಲ್ಪ ಜಾರುವುದು ಸಹಜ. ಫೋರ್‌ವೀಲ್ ಆದರೆ ಸುಮಾರು 8ರಿಂದ 12 ಶೇಕಡಾ, ಟೂವೀಲ್ ಆದರೆ 15ರವರೆಗೂ ಇರಬಹುದು. ಅದಕ್ಕಿಂತ ಜಾಸ್ತಿ ಜಾರಿದರೆ ಡೀಸೆಲ್ ಮಣ್ಣು ಕೆರೆಯಲು ಖರ್ಚಾಗುತ್ತದೆ. ಹಾಗೆಂದು ತೂಕ ಹೇರುತ್ತಲೇ ಹೋದರೆ ಮಣ್ಣು ಗಟ್ಟಿಯಾಗುತ್ತದೆ. ಟೈರಿನ ಗಾಳಿ, ಮುಂದೆ ಹಿಂದೆ ಹಾಕುವ ತೂಕ, ನೇಗಿಲಿನ ಆಳ, ಈ ಮೂರನ್ನು ಸರಿ ಮಾಡಿದರೆ ಸಿಗುವ ಲಾಭ ಎಷ್ಟೋ ಟ್ಯೂನಿಂಗ್ ಫೈಲ್‌ಗಳಿಗಿಂತ ದೊಡ್ಡದು. ಹಗುರ ಕೆಲಸಕ್ಕೆ ಪೂರ್ತಿ ರೇಸ್ ಕೊಡುವ ಬದಲು ಒಂದು ಗೇರ್ ಮೇಲೆ ಹಾಕಿ ರೇಸ್ ಇಳಿಸಿದರೂ ಡೀಸೆಲ್ ಉಳಿಯುತ್ತದೆ. ಜೋಡಿಸಿದ ಯಂತ್ರವನ್ನು ಹಿಂದಿನ ಶಾಫ್ಟ್‌ನಿಂದ ತಿರುಗಿಸುವ ಪಿಟಿಒ ಕೆಲಸದಲ್ಲಿ ಮಾತ್ರ ಆ ಯಂತ್ರ ಕೇಳುವ ನಿಮಿಷಕ್ಕೆ 540 ಸುತ್ತು ತಪ್ಪಬಾರದು.

ಫೈಲ್ ಬದಲಿಸಿದಾಗ ಒಳಗೆ ಏನಾಗುತ್ತದೆ

ಟ್ಯೂನಿಂಗ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಆದರೆ ಅದು ಏನು ಎಂಬುದು ಗೊತ್ತಿರಬೇಕು. ಕಂಪ್ಯೂಟರ್‌ನೊಳಗೆ ಕೋಷ್ಟಕಗಳಿರುತ್ತವೆ. ಇಷ್ಟು ಆರ್‌ಪಿಎಂ, ಇಷ್ಟು ಗಾಳಿ, ಇಷ್ಟು ಶಾಖ ಇದ್ದಾಗ ಇಷ್ಟು ಡೀಸೆಲ್, ಇಂಥ ಕ್ಷಣದಲ್ಲಿ ಚಿಮ್ಮಿಸು ಎಂದು ಅವು ಹೇಳುತ್ತವೆ. ರೀಮ್ಯಾಪ್ ಮಾಡುವವರು ಈ ಅಂಕಿಗಳನ್ನು ಬದಲಿಸುತ್ತಾರೆ. ಅಗ್ಗದ ಟ್ಯೂನಿಂಗ್ ಡಬ್ಬಿಗಳು ಅಷ್ಟೂ ಮಾಡುವುದಿಲ್ಲ. ರೈಲ್ ಒತ್ತಡದ ಸೆನ್ಸರ್ ಮತ್ತು ಕಂಪ್ಯೂಟರ್ ನಡುವೆ ಕೂತು, ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಎಂದು ಸುಳ್ಳು ಹೇಳುತ್ತವೆ. ಅದನ್ನು ನಂಬಿದ ಕಂಪ್ಯೂಟರ್ ಒತ್ತಡ ಏರಿಸುತ್ತದೆ. ನಿಜವಾದ ಒತ್ತಡ ಎಷ್ಟು ಎಂಬುದು ಆಮೇಲೆ ಯಾರಿಗೂ ಗೊತ್ತಿರುವುದಿಲ್ಲ. ಇಂಥ ಡಬ್ಬಿಗಳನ್ನು ನಾನು ಯಾರಿಗೂ ಹಾಕಿಸಿ ಎಂದು ಹೇಳುವುದಿಲ್ಲ.

ಡೀಸೆಲ್ ಸ್ವಲ್ಪ ಮೊದಲೇ ಚಿಮ್ಮಿಸಿದರೆ ಶಕ್ತಿ ಏರುತ್ತದೆ, ಮೈಲೇಜ್ ಕೂಡ ಸುಧಾರಿಸಬಹುದು. ಆದರೆ ಸಿಲಿಂಡರ್ ಒಳಗಿನ ಒತ್ತಡ ಏರಿ ಹೆಡ್ ಗ್ಯಾಸ್ಕೆಟ್, ಬೇರಿಂಗ್ ಮೇಲೆ ಹೊಡೆತ ಬೀಳುತ್ತದೆ, ನೈಟ್ರೋಜನ್ ಆಕ್ಸೈಡ್‌ಗಳೂ ಹೆಚ್ಚುತ್ತವೆ. ತಡವಾಗಿ ಚಿಮ್ಮಿಸಿದರೆ ಉರಿ ಎಕ್ಸಾಸ್ಟ್‌ವರೆಗೂ ಹೋಗುತ್ತದೆ, ಮಸಿ ಮತ್ತು ಶಾಖ ಏರುತ್ತವೆ. ಟರ್ಬೊ ಮುಂಚಿನ ಎಕ್ಸಾಸ್ಟ್ ಶಾಖ ಸುಮಾರು 700 ಡಿಗ್ರಿ ದಾಟಿ ಉದ್ದಕ್ಕೂ ನಿಲ್ಲಬಾರದು ಎಂಬುದು ಅನುಭವಿಗಳ ಸಾಮಾನ್ಯ ಮಿತಿ. ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿಗೆ. ಅಲ್ಯೂಮಿನಿಯಂ ಪಿಸ್ಟನ್ ಉಳಿಯುವುದು ಅಡಿಯಿಂದ ಚಿಮ್ಮುವ ಆಯಿಲ್ ತಂಪಿನಿಂದ. ಕಾರಿನಂಥ ಗಾಡಿ ಪೂರ್ತಿ ಶಕ್ತಿ ಬಳಸುವುದು ಓವರ್‌ಟೇಕ್ ಮಾಡುವ ಕೆಲವೇ ಸೆಕೆಂಡು. ನೇಗಿಲು ಎಳೆಯುವ ಟ್ರ್ಯಾಕ್ಟರ್ ಗಂಟೆಗಟ್ಟಲೆ, ಲೋಡ್ ಲಾರಿ ಇಡೀ ಘಟ್ಟದ ಉದ್ದಕ್ಕೂ ಪೂರ್ತಿ ಶಕ್ತಿಯಲ್ಲೇ ಇರುತ್ತವೆ. ಕಾರಿನಲ್ಲಿ ತಡೆದ ಟ್ಯೂನಿಂಗ್ ಇಲ್ಲಿ ತಡೆಯುವುದಿಲ್ಲ.

"ಇದೇ ಇಂಜಿನ್ ದೊಡ್ಡ ಮಾಡೆಲ್‌ನಲ್ಲಿ ಜಾಸ್ತಿ ಹಾರ್ಸ್‌ಪವರ್ ಕೊಡುತ್ತೆ, ನಮಗೆ ಸಾಫ್ಟ್‌ವೇರ್‌ನಲ್ಲಿ ಕಟ್ಟಿಹಾಕಿದ್ದಾರೆ" ಎನ್ನುವವರಿದ್ದಾರೆ. ಮಾತಿನಲ್ಲಿ ಸತ್ಯವಿದೆ, ಒಂದೇ ಇಂಜಿನ್ ಬ್ಲಾಕ್ ಅನ್ನು ಹಲವು ಶಕ್ತಿಗಳಲ್ಲಿ ಮಾರುವುದು ಮಾಮೂಲಿ. ಆದರೆ ದೊಡ್ಡ ಮಾಡೆಲ್‌ನಲ್ಲಿ ಟರ್ಬೊ, ಇಂಜೆಕ್ಟರ್, ರೇಡಿಯೇಟರ್, ಕ್ಲಚ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಬೇರೆಯೇ ಇರಬಹುದು. ಪಾರ್ಟ್ ನಂಬರ್ ಹೋಲಿಸಿ ನೋಡದೆ ಆ ಮಾತನ್ನು ನಂಬಬಾರದು. ಹೊಸ ಫೈಲ್ ಹಾಕುವವರು ಮೊದಲಿನ ಫೈಲ್ ಉಳಿಸಿಕೊಡಬೇಕು, ಶಕ್ತಿ ಅಳೆಯುವ ಡೈನೊ ಮೇಲೆ ಮೊದಲು ಮತ್ತು ಆಮೇಲೆ ಅಳೆದು ತೋರಿಸಬೇಕು, ಎಕ್ಸಾಸ್ಟ್ ಶಾಖ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ), ರೈಲ್ ಒತ್ತಡ ಮೂರನ್ನೂ ಲೋಡ್‌ನಲ್ಲಿ ದಾಖಲಿಸಬೇಕು. ಇಷ್ಟಕ್ಕೆ ಒಪ್ಪದವರಿಗೆ ಗಾಡಿ ಕೊಡುವುದು ಬೇಡ.

ಕಿತ್ತುಹಾಕಿದ ಡಿಪಿಎಫ್

ಈಗ ಜಗಳವಿರುವ ಜಾಗಕ್ಕೆ ಬರೋಣ. ಹೊಸ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್, ಯೂರಿಯಾ ದ್ರಾವಣ ಚಿಮ್ಮಿಸುವ ಎಸ್‌ಸಿಆರ್, ಎಕ್ಸಾಸ್ಟ್ ಗಾಳಿಯನ್ನು ಸ್ವಲ್ಪ ವಾಪಸ್ ಇಂಜಿನ್‌ಗೆ ಕಳಿಸುವ ಇಜಿಆರ್ ಇರುತ್ತವೆ. ಇವು ಕೆಟ್ಟಾಗ ಗಾಡಿಯ ಶಕ್ತಿ ತಾನಾಗಿಯೇ ಕಡಿತವಾಗುತ್ತದೆ. ಕೆಲಸದ ನಡುವೆ ಹೀಗಾದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕೊಯ್ಲು ಯಾರಿಗೂ ಕಾಯುವುದಿಲ್ಲ.

ಆದರೆ ಡಿಪಿಎಫ್ ಪದೇ ಪದೇ ಕಟ್ಟಿಕೊಳ್ಳುತ್ತಿದೆ ಎಂದರೆ ಎಷ್ಟೋ ಸಲ ತಪ್ಪು ಡಿಪಿಎಫ್‌ನದ್ದಲ್ಲ. ಮಸಿ ಸುಡಲು ಅದು 550ರಿಂದ 650 ಡಿಗ್ರಿಗೆ ಕಾಯಬೇಕು. ಥರ್ಮೋಸ್ಟಾಟ್ ತೆರೆದೇ ನಿಂತು ಇಂಜಿನ್ ತಣ್ಣಗೆ ಓಡಿದರೆ, ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಟ್ಟರೆ, ಸುಡುವ ಹೊತ್ತಿಗೆ ಚಾಲಕ ಕೀ ತೆಗೆದರೆ ಆ ಕೆಲಸ ಮುಗಿಯುವುದೇ ಇಲ್ಲ. ನಾಜಲ್ ತೊಟ್ಟಿಕ್ಕಿದರೆ, ಹೋಸ್ ಸೋರಿದರೆ, ಟರ್ಬೊ ಆಯಿಲ್ ಬಿಟ್ಟರೆ ಮಸಿಯೇ ಹೆಚ್ಚು ಬರುತ್ತದೆ. ನಮ್ಮ ಟ್ರ್ಯಾಕ್ಟರ್‌ನ ಹೋಸಿನ ಬಿರುಕು ಡಿಪಿಎಫ್ ಇರುವ ಗಾಡಿಯಲ್ಲಿದ್ದಿದ್ದರೆ ಕಪ್ಪು ಹೊಗೆ ಹೊರಗೆ ಕಾಣುತ್ತಲೇ ಇರಲಿಲ್ಲ. ಡಿಪಿಎಫ್ ಅದನ್ನು ನುಂಗಿ ನುಂಗಿ ಕಟ್ಟಿಕೊಳ್ಳುತ್ತಿತ್ತು, ಡ್ಯಾಶ್‌ಬೋರ್ಡ್ ಅದರ ಹೆಸರು ಹೇಳುತ್ತಿತ್ತು. ಇಂಜಿನ್ ಆಯಿಲ್ ಮಟ್ಟ ತಾನಾಗಿಯೇ ಏರುತ್ತಿದ್ದರೆ ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಮಸಿ ಸುಡಲು ಹಾಕಿದ ಡೀಸೆಲ್ ಆಯಿಲ್‌ಗೆ ಇಳಿದು ಬೇರಿಂಗ್ ತಿನ್ನುತ್ತಿರಬಹುದು.

ಯೂರಿಯಾ ದ್ರಾವಣ, ಅಂದರೆ ಡಿಇಎಫ್ ಅಥವಾ ಆಡ್‌ಬ್ಲೂ, 32.5 ಶೇಕಡಾ ಯೂರಿಯಾ ಇರುವ ಶುದ್ಧ ನೀರು. ಗೊಬ್ಬರದ ಯೂರಿಯಾ ಕರಗಿಸಿ ಸುರಿದರೆ ಅದರ ಕೊಳೆ ಎಸ್‌ಸಿಆರ್ ಅನ್ನು ಕೊಲ್ಲುತ್ತದೆ. ಡೀಸೆಲ್ ತುಂಬಿಸುವ ಕೊಳವೆ, ಡಬ್ಬಿಗಳನ್ನು ಇದಕ್ಕೆ ಬಳಸಲೂಬಾರದು.

ಕಂಪ್ಯೂಟರ್ ತೋರಿಸುವ ದೋಷದ ಕೋಡ್ ಓದುವಾಗಲೂ ಇದೇ ಎಚ್ಚರ ಬೇಕು. ಭಾರಿ ಗಾಡಿಗಳು ಮತ್ತು ಟ್ರ್ಯಾಕ್ಟರ್‌ಗಳು ಬಳಸುವ ಜೆ1939 ಪದ್ಧತಿಯಲ್ಲಿ ಒಂದು ಸಂಖ್ಯೆ ಯಾವ ಭಾಗ ಎಂದು, ಇನ್ನೊಂದು ಏನಾಗಿದೆ ಎಂದು ಹೇಳುತ್ತದೆ. ವೋಲ್ಟೇಜ್ ಜಾಸ್ತಿ ಅಥವಾ ಕಡಿಮೆ ಎಂದು ಬಂದರೆ ವೈರ್, ಕನೆಕ್ಟರ್ ನೋಡಬೇಕು, ಸೆನ್ಸರ್ ಬದಲಿಸಲು ಓಡಬಾರದು. ಬೂಸ್ಟ್ ಕಡಿಮೆ ಎಂಬ ಕೋಡ್ ಬಂದಾಗ ಟರ್ಬೊ ಬದಲಿಸಿ, ಆಮೇಲೆ ಹೋಸ್ ಸೋರುತ್ತಿತ್ತು ಎಂದು ಕಂಡುಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ.

ಕಿತ್ತುಹಾಕುವುದರ ಬೆಲೆ ಏನು ಎಂಬುದಕ್ಕೆ ಅಮೆರಿಕದ ಲೆಕ್ಕ ಇದೆ. ಅಲ್ಲಿನ ಪರಿಸರ ಸಂಸ್ಥೆ ಇಪಿಎ 2020ರಲ್ಲಿ ಹೇಳಿದ ಪ್ರಕಾರ, ಹತ್ತು ವರ್ಷಗಳಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಹೊಗೆ ನಿಯಂತ್ರಣ ಸಾಮಾನು ತೆಗೆಯಲಾಗಿತ್ತು. ಅವುಗಳಿಂದಾಗುವ ಮಾಲಿನ್ಯ, ರಸ್ತೆಗೆ ಇನ್ನೂ 90 ಲಕ್ಷ ಸರಿಯಾದ ಡೀಸೆಲ್ ಪಿಕಪ್ ಇಳಿಸಿದ್ದಕ್ಕೆ ಸಮ ಎಂದು ಅದು ಅಂದಾಜು ಮಾಡಿತು. ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಸೇರಿಸಿದೆ. ಆ ಹೊಗೆಯನ್ನು ಎಲ್ಲರಿಗಿಂತ ಜಾಸ್ತಿ ಕುಡಿಯುವವರು ಗಾಡಿ ಓಡಿಸುವವರು ಮತ್ತು ರಿಪೇರಿ ಮಾಡುವವರು.

ಮಾಲೀಕರ ದೂರಿನಲ್ಲಿ ನ್ಯಾಯವಾದ ಭಾಗವೂ ಇದೆ, ಅದಕ್ಕೆ ಕಿವಿಗೊಡುವುದೂ ಶುರುವಾಗಿದೆ. 2025ರ ಆಗಸ್ಟ್‌ನಲ್ಲಿ ಇಪಿಎ, ಡಿಇಎಫ್ ತೊಂದರೆಗೆ ದಿಢೀರನೆ ಶಕ್ತಿ ಕಡಿತ ಮಾಡದಂತೆ ಸಾಫ್ಟ್‌ವೇರ್ ಬದಲಿಸಲು ತಯಾರಕರಿಗೆ ಸೂಚಿಸಿತು. 2027ರ ಮಾಡೆಲ್‌ನಿಂದ ಅಲ್ಲಿನ ಹೊಸ ಡೀಸೆಲ್ ಟ್ರಕ್‌ಗಳನ್ನು ಹಾಗೆಯೇ ತಯಾರಿಸಬೇಕು ಎಂದೂ ಹೇಳಿತು. ರಿಪೇರಿಗೆ ಬೇಕಾದ ಸಾಫ್ಟ್‌ವೇರ್ ಡೀಲರ್ ಕೈಯಲ್ಲೇ ಇರಬೇಕೇ ಎಂಬ ಪ್ರಶ್ನೆಯೂ ದೊಡ್ಡದಾಗಿದೆ. ಕೃಷಿ ಯಂತ್ರಗಳ ರಿಪೇರಿ ಹಕ್ಕಿಗೆ ಕೊಲೊರಾಡೊ ರಾಜ್ಯ 2023ರಲ್ಲಿ ಕಾನೂನು ತಂದಿತು. ಅದೇ ವರ್ಷ ಜನವರಿಯಲ್ಲಿ ಜಾನ್ ಡೀರ್ ಕಂಪನಿ ಅಮೆರಿಕದ ರೈತ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡಿತು. 2025ರ ಜನವರಿಯಲ್ಲಿ ಅಲ್ಲಿನ ವ್ಯಾಪಾರ ಆಯೋಗ ಎಫ್‌ಟಿಸಿ ಇದೇ ವಿಷಯಕ್ಕೆ ಆ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ರೈತ ಒಕ್ಕೂಟದ ಒಪ್ಪಂದದಲ್ಲೂ ಹೊಗೆ ನಿಯಂತ್ರಣ ಬಂದ್ ಮಾಡಲು, ಶಕ್ತಿ ಏರಿಸಲು ಅವಕಾಶ ಇಲ್ಲ ಎಂಬುದನ್ನು ಗಮನಿಸಬೇಕು. ತನ್ನ ಯಂತ್ರದ ಕೋಡ್ ಓದಿ, ಸೆನ್ಸರ್ ಬದಲಿಸಿ, ತಾನೇ ಸರಿಮಾಡಿಕೊಳ್ಳುವ ಹಕ್ಕು ಮಾಲೀಕನಿಗೆ ಪೂರ್ತಿ ಸಿಗಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಡಿಪಿಎಫ್ ಕಿತ್ತುಹಾಕುವುದನ್ನು ಆ ಹಕ್ಕಿನ ಜೊತೆ ಸೇರಿಸಿದರೆ ಹಕ್ಕಿನ ಹೋರಾಟವೇ ದುರ್ಬಲವಾಗುತ್ತದೆ.

ಆ ಟ್ರ್ಯಾಕ್ಟರ್‌ಗೆ ಹೊಸ ಹೋಸ್ ಬಂತು, ಏರ್ ಫಿಲ್ಟರ್ ಬದಲಾಯಿತು, ಇಂಟರ್‌ಕೂಲರ್ ಸಂದಿಯಿಂದ ಒಂದು ಬುಟ್ಟಿ ಹೊಟ್ಟು ಹೊರಬಂತು. ಮರುದಿನ ಅದೇ ಹೊಲದಲ್ಲಿ ಮೂರನೇ ಗೇರ್‌ಗೆ ಹಾಕಿದರು, ಎಳೆಯಿತು. ಅವರು ಆಮೇಲೆ ಒಂದು ಬೂಸ್ಟ್ ಗೇಜ್ ಕೂರಿಸಿಕೊಂಡಿದ್ದಾರೆ. ತಿಂಗಳಿಗೊಮ್ಮೆ ಅದೇ ಹೊಲದ ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಗೇಜ್ ತೋರಿಸುವ ಅಂಕಿಯನ್ನು ಟೂಲ್ ಬಾಕ್ಸ್ ಮುಚ್ಚಳದ ಒಳಗೆ ತಾರೀಖಿನ ಜೊತೆ ಮಾರ್ಕರ್‌ನಲ್ಲಿ ಬರೆಯುತ್ತಾರೆ. ಹೋದ ಸಲ ನೋಡಿದಾಗ ಅಲ್ಲಿ ಒಂಬತ್ತು ಸಾಲುಗಳಿದ್ದವು. ಏಳನೇ ಸಾಲಿನಲ್ಲಿ ಅಂಕಿ ಸ್ವಲ್ಪ ಇಳಿದಿತ್ತು, ಪಕ್ಕದಲ್ಲಿ "ಕ್ಲಿಪ್ ಸಡಿಲ, ಬಿಗಿ ಮಾಡಿದೆ" ಎಂದು ಬರೆದಿದ್ದರು.